ಕೌಂಡಿನ್ಯದ ಹುಟ್ಟುಹಬ್ಬ ಗೇಟಿನ ಹೊರಗೆ ಆಗಲಿ: ಕಾರವಾರದಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ನೌಕಾ ವಲಯದ ಅಧಿಕಾರಿಗಳಿಗೆ, ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ, ಬಂದರಿನ ಉಸ್ತುವಾರಿ ಇರುವವರಿಗೆ, ಮತ್ತೆ ಇದನ್ನು ಓದುವ ನಮ್ಮೂರಿನ ಎಲ್ಲರಿಗೂ,

ನಮಸ್ಕಾರ.

ಮೇ 21ಕ್ಕೆ ನೌಕಾಪಡೆಯ ಹಾಯಿಹಡಗು ಐಎನ್‌ಎಸ್‌ವಿ ಕೌಂಡಿನ್ಯಕ್ಕೆ ವರ್ಷ ತುಂಬುತ್ತದೆ. 2025ರ ಮೇ 21ರಂದು ಕೇಂದ್ರದ ಸಂಸ್ಕೃತಿ ಸಚಿವ ಗಜೇಂದ್ರ ಸಿಂಗ್ ಶೇಖಾವತ್ ನಮ್ಮ ನೌಕಾನೆಲೆಗೆ ಬಂದು, ಆ ಹಡಗಿಗೆ ಹೆಸರಿಟ್ಟು, ನೌಕಾಪಡೆಗೆ ಸೇರಿಸಿದರು. ನಾವು ಅದನ್ನು ನೋಡಿದ್ದು ಮೊಬೈಲಿನಲ್ಲಿ. ನಮ್ಮ ಮನೆಯಿಂದ ಬೈಕಿನಲ್ಲಿ ಹೊರಟರೆ ನೆಲೆಯ ಗೇಟಿಗೆ ಅರ್ಧ ಗಂಟೆ ಸಾಕು. ಆದರೂ ಮೊಬೈಲಿನಲ್ಲಿ. ದೆಹಲಿಯಲ್ಲಿ ಕೂತವನು ನೋಡಿದ ಅದೇ ವಿಡಿಯೊವನ್ನು ನಾವೂ ನೋಡಿ, ಮನೆಯ ಗ್ರೂಪಿಗೆ ಕಳಿಸಿ, ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆವು.

ಅದಕ್ಕೇ ಈ ಪತ್ರ. ಕೇಳುವುದು ಒಂದೇ. ಈ ಸಲದ ಹುಟ್ಟುಹಬ್ಬವನ್ನು ಗೇಟಿನ ಹೊರಗೆ ಮಾಡಿ. ಒಂದು ದಿನದ ಮಟ್ಟಿಗೆ ಹಡಗನ್ನು ಬೈತಖೋಲದ ಬಂದರಿಗೆ ತನ್ನಿ. ಜನ ಹತ್ತಲಿ, ಮುಟ್ಟಲಿ, ಮೂಸಲಿ.

ಮೂಸಲಿ ಅಂತ ಯಾಕೆ ಅಂದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಈ ಹಡಗಿನ ಸುದ್ದಿ ಕಿವಿಗೆ ಬೀಳದೇ ಇದ್ದವರಿಗೆ ಸ್ವಲ್ಪ ಹಿನ್ನೆಲೆ. ಅಜಂತಾ ಗುಹೆಯ ಗೋಡೆಯ ಮೇಲೆ 5ನೇ ಶತಮಾನದ ಒಂದು ಹಡಗಿನ ಚಿತ್ರ ಇದೆ. ಕೈಯಲ್ಲಿದ್ದದ್ದು ಅದೊಂದೇ. ನಕ್ಷೆ ಇಲ್ಲ, ಅಳತೆ ಇಲ್ಲ. ಆ ಚಿತ್ರ ನೋಡಿಕೊಂಡು, ನಿಜವಾಗಿ ಸಮುದ್ರಕ್ಕೆ ಇಳಿಯುವ ಹಡಗು ಕಟ್ಟಬೇಕು ಅಂತ 2023ರ ಜುಲೈನಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ, ಗೋವಾದ ಹೋಡಿ ಇನ್ನೊವೇಶನ್ಸ್ ಮೂರೂ ಸೇರಿ ಒಪ್ಪಂದ ಮಾಡಿಕೊಂಡರು. (ಹೋಡಿ ಅಂದರೆ ಕೊಂಕಣಿಯಲ್ಲಿ ದೋಣಿ. ಕಂಪನಿಗೆ ಒಳ್ಳೆ ಹೆಸರೇ ಇಟ್ಟಿದ್ದಾರೆ.) ಅದೇ ವರ್ಷ ಸೆಪ್ಟೆಂಬರ್ 12ಕ್ಕೆ ಅಡಿಮರ ಇಟ್ಟರು. ಕೇರಳದ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಅಲ್ಲಿಯ ಕುಶಲಕರ್ಮಿಗಳು ಕೂತು ಹೊಲಿದರು. ಹೌದು, ಹೊಲಿದರು. ಮೊಳೆ ಹೊಡೆದು ಜೋಡಿಸಿದ ಹಡಗಲ್ಲ ಇದು. ಹಲಗೆಗೆ ಹಲಗೆ ಕೂಡಿಸಿ ತೆಂಗಿನ ನಾರಿನ ಹಗ್ಗದಿಂದ ಸಾವಿರಾರು ಹೊಲಿಗೆ ಹಾಕಿ ಕಟ್ಟಿದ್ದು. ಐಐಟಿ ಮದ್ರಾಸಿನವರು ಸಣ್ಣ ಮಾದರಿ ಇಟ್ಟುಕೊಂಡು ನೀರಿನಲ್ಲಿ ಅದರ ನಡೆ ಹೇಗಿರುತ್ತದೆ ಅಂತ ಪರೀಕ್ಷೆ ಮಾಡಿಕೊಟ್ಟರು. 2025ರ ಫೆಬ್ರವರಿಯಲ್ಲಿ ಗೋವಾದಲ್ಲಿ ನೀರಿಗೆ ಇಳಿಯಿತು. ಉದ್ದ ಸುಮಾರು 65 ಅಡಿ. ಚೌಕಾಕಾರದ ಪಟ, ಅಂದರೆ ಹಾಯಿ. ಇಂಜಿನ್ ಇಲ್ಲ. ಈಗಿನ ಚುಕ್ಕಾಣಿಯೂ ಇಲ್ಲ, ದಿಕ್ಕು ತಿರುಗಿಸಲು ಹಿಂಭಾಗದಲ್ಲಿ ಉದ್ದನೆಯ ಹುಟ್ಟುಗಳು ಅಷ್ಟೇ.

ಹೆಸರಿನ ಬಗ್ಗೆಯೂ ಒಂದು ಮಾತು. ಕೌಂಡಿನ್ಯ ಅಂದರೆ ನಮ್ಮ ಕಡೆ ಎಷ್ಟೋ ಜನರಿಗೆ ಬರೀ ಗೋತ್ರದ ಹೆಸರು, ಮದುವೆ ಮಾತುಕತೆಯಲ್ಲಿ ಮಾತ್ರ ಹೊರಗೆ ಬರುವಂಥದ್ದು. ಈ ಕೌಂಡಿನ್ಯ ಸಮುದ್ರ ದಾಟಿ ಈಗಿನ ಕಾಂಬೋಡಿಯಾದ ಕಡೆಗೆ ಹೋಗಿ, ಅಲ್ಲಿಯ ರಾಣಿ ಸೋಮಾಳನ್ನು ಮದುವೆಯಾಗಿ, ಫುನಾನ್ ರಾಜ್ಯಕ್ಕೆ ಮೂಲಪುರುಷನಾದ ಅಂತ ಐತಿಹ್ಯ. ಅಲ್ಲೂ ಮದುವೆ ಬಂತು ನೋಡಿ.

ಇನ್ನು ಪಟದ ಮೇಲೆ ಬರೆದಿರುವುದು ಏನು ಗೊತ್ತಾ? ಸೂರ್ಯ, ಮತ್ತೆ ಗಂಡಭೇರುಂಡ. ನಮ್ಮ ರಾಜ್ಯದ ಲಾಂಛನ. ರೇಷನ್ ಕಾರ್ಡಿನ ಮೇಲೆ, ತಹಶೀಲ್ದಾರ ಕಚೇರಿಯ ಕಾಗದದ ಮೇಲೆ ದಿನಾ ನೋಡುವ ಎರಡು ತಲೆಯ ಹಕ್ಕಿ. ಅದು ಗಾಳಿ ತುಂಬಿದ ಪಟದ ಮೇಲೆ ರೆಕ್ಕೆ ಬಿಚ್ಚಿಕೊಂಡು ಹೋಗುತ್ತಿದ್ದರೆ ಹೇಗಿರಬಹುದು, ಒಮ್ಮೆ ಯೋಚಿಸಿ. ಆ ಹಕ್ಕಿಯನ್ನು ಪಟದ ಮೇಲೆ ಕಣ್ಣಾರೆ ನೋಡಿದವರು ಪೋರಬಂದರಿನಲ್ಲಿ ಇದ್ದಾರೆ, ಮಸ್ಕತ್ತಿನಲ್ಲಿ ಇದ್ದಾರೆ. ಕಾರವಾರದ ಪೇಟೆಯಲ್ಲಿ ನಾನು ಕೇಳಿದ ಒಬ್ಬರೂ ನೋಡಿಲ್ಲ. ಹಡಗಿನ ಊರು ಮಾತ್ರ ಕಾರವಾರ!

ಮಸ್ಕತ್ತಿನ ವಿಷಯಕ್ಕೆ ಬರುತ್ತೇನೆ. 2025ರ ಡಿಸೆಂಬರ್ 29ಕ್ಕೆ ಕೌಂಡಿನ್ಯ ಪೋರಬಂದರಿನಿಂದ ಹೊರಟಿತು. 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ಇದರ ಮಧ್ಯೆ ಪುಷ್ಯ ಹುಣ್ಣಿಮೆ ಬಂತು, ಜನವರಿ 3ಕ್ಕೆ, ನಮ್ಮ ಕೂರ್ಮಗಡದ ನರಸಿಂಹ ದೇವರ ಜಾತ್ರೆ. ನಾವು ಹಣ್ಣುಕಾಯಿ ಚೀಲ ಹಿಡಿದು, ಮೀನಿನ ದೋಣಿ ಹತ್ತಿ, ತಳಿರು ತೋರಣ ಬಾವುಟ ಕಟ್ಟಿದ ದೋಣಿಗಳ ಸಾಲಿನಲ್ಲಿ ನಡುಗಡ್ಡೆಗೆ ಹೋಗುತ್ತಿದ್ದ ಹೊತ್ತಿಗೆ, ನಮ್ಮೂರಿನ ಹಡಗು ಅದೇ ಸಮುದ್ರದ ನಡುವೆ ಗಾಳಿಗೆ ಕಾಯುತ್ತಲೋ ಗಾಳಿಯ ಜೊತೆ ಓಡುತ್ತಲೋ ಇತ್ತು. ಆ ದೋಣಿಯಲ್ಲಿ ಪಕ್ಕದವರಿಗೆ ಇದನ್ನೇ ಹೇಳಿದೆ. ಅವರು, ಯಾವ ಹಡಗು ಅಂತ ಕೇಳಿದರು.

ಮಸ್ಕತ್ತಿನಲ್ಲಿ ಇನ್ನೊಂದು ಹೊಲಿದ ಹಡಗು ಇದೆ, ಇದರ ಅಕ್ಕ ಅನ್ನಬಹುದು. ಹೆಸರು ಸೋಹಾರ್. ಟಿಮ್ ಸೆವೆರಿನ್ ಅನ್ನುವ ಸಾಹಸಿ ಒಮಾನಿನ ಸೂರ್‌ನಲ್ಲಿ ಕಟ್ಟಿಸಿ 1980–81ರಲ್ಲಿ ಚೀನಾದವರೆಗೆ ತೆಗೆದುಕೊಂಡು ಹೋದದ್ದು. ಮರ ಹೋಗಿದ್ದು ಮಲಬಾರಿನಿಂದ, ಹೊಲಿಯಲು ಹೋದವರು ಲಕ್ಷದ್ವೀಪದವರು. ಆ ಹಡಗನ್ನು ಒಮಾನಿನವರು ಏನು ಮಾಡಿದರು ಗೊತ್ತಾ? ಅಲ್ ಬುಸ್ತಾನ್ ಹತ್ತಿರ ರಸ್ತೆ ಸರ್ಕಲ್ಲಿನ ನಡುವೆ ನಿಲ್ಲಿಸಿದರು. ಕೆಲಸಕ್ಕೆ ಹೋಗುವವನು, ಟ್ಯಾಕ್ಸಿಯವನು, ಶಾಲೆಯ ಮಗು, ಎಲ್ಲರೂ ಅದನ್ನು ಸುತ್ತಿಕೊಂಡೇ ಹೋಗಬೇಕು. ಕೌಂಡಿನ್ಯವನ್ನು ಸರ್ಕಲ್ಲಿಗೆ ತನ್ನಿ ಅನ್ನುತ್ತಿಲ್ಲ ನಾನು. ಅದು ಓಡುವ ಹಡಗು, ಓಡಬೇಕು. ನಮ್ಮ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆ ಮರಳಿನ ಮೇಲೆ ನಿಂತಿದೆ, ಪಕ್ಕಕ್ಕೆ ಟುಪೊಲೆವ್ ವಿಮಾನವೂ ಬಂತು. ಅವುಗಳ ಕೆಲಸ ಮುಗಿದಿತ್ತು, ನಿಂತವು. ಇದಕ್ಕೆ ಇನ್ನೂ ಈಗಷ್ಟೇ ಒಂದು ವರ್ಷ.

ಈಗ ಮೂಸುವ ವಿಷಯ.

ನನ್ನ ಅಜ್ಜನಿಗೆ ಮಾಜಾಳಿ ಕಡೆ ಒಂದು ರಂಪಣಿಯಲ್ಲಿ ಪಾಲು ಇತ್ತು. ರಂಪಣಿ ಅಂದರೆ ಗೊತ್ತಲ್ಲ, ದಡದಿಂದ ಎಳೆಯುವ ದೊಡ್ಡ ಬಲೆ, ಊರಿಗೆ ಊರೇ ಸೇರಿ ಎಳೆಯಬೇಕು. ಯಂತ್ರದ ಪರ್ಸಿನ್ ಬೋಟುಗಳು ಬಂದ ಮೇಲೆ ಅದು ಹಿಂದೆ ಬಿತ್ತು. ಆ ಬಲೆ ಬಿಡುವ ದೋಣಿ ಹೊಲಿದ ದೋಣಿ. ನಾನು ಸಣ್ಣವನಿದ್ದಾಗ ಅದು ತೆಂಗಿನ ಮರದ ಕೆಳಗೆ ಸೋಗೆ ಹೊದ್ದು ಮಲಗಿತ್ತು, ನೀರಿಗೆ ಇಳಿಯುವ ಕಾಲ ಮುಗಿದಿತ್ತು. ಆದರೂ ಅಜ್ಜ ಒಂದು ಸಲ ಒಂದು ಹಲಗೆ ಬಿಚ್ಚಿ ಮತ್ತೆ ಹೊಲಿಸಿದ್ದು ನೆನಪಿದೆ. ಒಬ್ಬ ಒಳಗೆ, ಒಬ್ಬ ಹೊರಗೆ. ಹಲಗೆಯ ಅಂಚಿನುದ್ದಕ್ಕೂ ತೂತುಗಳು. ಸಂದಿಯ ಮೇಲೆ ತೆಂಗಿನ ನಾರನ್ನು ಹಗ್ಗದಷ್ಟು ದಪ್ಪಕ್ಕೆ ಉದ್ದಕ್ಕೂ ಇಟ್ಟು, ಅದರ ಮೇಲೆ ಕತ್ತದ ಹಗ್ಗ ಅಡ್ಡಡ್ಡ ಹಾಯಿಸುವುದು. ಹೊರಗಿನವನು ಹಗ್ಗದ ತುದಿ ಒಳಗೆ ತೂರಿಸಿ ಒಂದು ಕೂಗು ಹಾಕುತ್ತಿದ್ದ, ಒಳಗಿನವನು ಅದನ್ನು ಮರದ ತುಂಡಿಗೆ ಸುತ್ತಿಕೊಂಡು, ಕಾಲನ್ನು ಹಲಗೆಗೆ ಒತ್ತಿ, ಹಿಂದಕ್ಕೆ ವಾಲಿ ಎಳೆಯುತ್ತಿದ್ದ. ಹಗ್ಗ ಕಿರ್ ಅನ್ನುತ್ತಿತ್ತು. ಆಮೇಲೆ ತೂತಿಗೆ ನಾರು ತುರುಕಿ, ರಾಳ ಬಳಿದು, ಎಲ್ಲದರ ಮೇಲೆ ತಾರ್ಲೆ ಮೀನಿನ ಎಣ್ಣೆ. ಆ ವಾಸನೆ! ಮೈಗೆ ಹತ್ತಿದರೆ ಎರಡು ದಿನ ಬಿಡುತ್ತಿರಲಿಲ್ಲ. ಅಜ್ಜಿ ನನ್ನನ್ನು ಬಾವಿಕಟ್ಟೆಯಿಂದ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಯಾಕೆ ಹೊಲಿಯುವುದು, ಮೊಳೆ ಹೊಡೆದರೆ ಆಗಲ್ವಾ ಅಂತ ಅವತ್ತು ಕೇಳಿದ್ದೆ. ಅಜ್ಜ ಬಾಯಲ್ಲಿ ಹೇಳಲಿಲ್ಲ, ಅಂಗೈಯಿಂದ ಹಲಗೆ ಒತ್ತಿ ತೋರಿಸಿದ. ಒಂದಿಷ್ಟು ಬಗ್ಗಿತು, ವಾಪಸ್ ಬಂತು. ಅಲೆ ಹೊಡೆದಾಗ, ಮರಳಿಗೆ ಬಡಿದಾಗ ಹೊಲಿದ ದೋಣಿ ಬಗ್ಗಿ ಕೊಡುತ್ತದೆ. ಮೊಳೆಯ ದೋಣಿ ಸೆಟೆದು ನಿಂತು ಬಿರುಕು ಬಿಡುತ್ತದೆ. ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿಯುವುದು ಬೇರೆ.

ಕೌಂಡಿನ್ಯದ ವಿಡಿಯೊದಲ್ಲಿ ಆ ಹೊಲಿಗೆ ಕಂಡಾಗ ನನಗೆ ಮೊದಲು ಬಂದದ್ದು ಆ ವಾಸನೆ. ಫೋನಿನಲ್ಲಿ ವಾಸನೆ ಬರುವುದಿಲ್ಲ ಅಲ್ವಾ, ಆದರೂ ಬಂತು. ಹಾಗಾಗಿ ಈ ಹಡಗು ನಮಗೆ ಮ್ಯೂಸಿಯಂ ವಸ್ತು ಅಲ್ಲ. ಅಜಂತಾದ ಹಡಗು, 5ನೇ ಶತಮಾನ, ಪ್ರಾಚೀನ ವಿದ್ಯೆ ಅಂತೆಲ್ಲ ಭಾಷಣದಲ್ಲಿ ಹೇಳುವಾಗ ಏನೋ ಸತ್ತುಹೋದದ್ದನ್ನು ಎಬ್ಬಿಸಿದ ಹಾಗೆ ಕೇಳುತ್ತದೆ. ನಮ್ಮ ದಡದಲ್ಲಿ ಅದು ಮೊನ್ನೆ ಮೊನ್ನೆಯವರೆಗೂ ಬದುಕಿತ್ತು. ಆ ಹಗ್ಗ ಎಳೆದ ಕೈಗಳು ಕೆಲವು ಇನ್ನೂ ಇವೆ. ಎಪ್ಪತ್ತು ಎಂಬತ್ತು ದಾಟಿದ ಖಾರ್ವಿ, ಹರಿಕಂತ್ರ, ಅಂಬಿಗ ಅಜ್ಜಂದಿರು ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಸುಮ್ನೆ ಕೂತಿರುತ್ತಾರೆ. ಅವರನ್ನು ಕರೆದು ಹಡಗಿನ ಮುಂದೆ ನಿಲ್ಲಿಸಿ. ಕೈಯಾಡಿಸಿ ಏನು ಹೇಳುತ್ತಾರೋ ಕೇಳಿ. ತಪ್ಪು ಹುಡುಕದೇ ಬಿಡುವವರಲ್ಲ, ಅದನ್ನೂ ಬರೆದುಕೊಳ್ಳಿ.

ಅಂದಮೇಲೆ ಮೊದಲು ಹತ್ತುವವರು ಯಾರು? ಇದನ್ನು ಸ್ವಲ್ಪ ನೇರವಾಗಿಯೇ ಹೇಳುತ್ತೇನೆ. 1986ರಲ್ಲಿ ರಾಜೀವ್ ಗಾಂಧಿ ಇಲ್ಲಿಯ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಅನ್ನುವ ಆ ನೆಲೆ ಶುರುವಾಯಿತು. ಈ ನಡುವೆ ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆದಿಡುವ ದಡ ಬಿಟ್ಟು ಎದ್ದವು. ಅರಗಾ ಕಡೆಯವರನ್ನು ಕೇಳಿ ನೋಡಿ, ತಾವು ಈಜು ಕಲಿತ ಮರಳು ಈಗ ಬೇಲಿಯ ಒಳಗಿದೆ. ಆ ಹಳೇ ಲೆಕ್ಕ ಎಲ್ಲ ಈ ಪತ್ರದಲ್ಲಿ ತೆಗೆಯಲ್ಲ, ಅದು ಬೇರೆ ಪತ್ರ. ಆದರೆ ಕೌಂಡಿನ್ಯ ನಿಲ್ಲುವುದು ಆ ಜನ ಬಿಟ್ಟುಕೊಟ್ಟ ಕಡಲಿನಲ್ಲಿ. ಮೊದಲ ಸರತಿ ಅವರದ್ದಾಗಲಿ. ಪುನರ್ವಸತಿ ಕಾಲೊನಿಗಳಿಗೆ ಬೆಳಿಗ್ಗೆ ನಾಲ್ಕು ಬಸ್ಸು ಕಳಿಸಿದರೆ ಆಯಿತು. ಗಣ್ಯರು ಊಟ ಆದ ಮೇಲೆ ಬರಲಿ.

ಗಣ್ಯರು ಅಂದೆ ನೋಡಿ, ಅಲ್ಲೇ ನನಗೆ ಭಯ. ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ಊರಿನ ಉತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ದೋಣಿ ಸ್ಪರ್ಧೆ ಹತ್ತು ಗಂಟೆಗೆ ಅಂತ ಬರೆದಿತ್ತು. ಉದ್ಘಾಟಕರು ಬಂದದ್ದು ಒಂದೂವರೆಗೆ. ಅಷ್ಟರಲ್ಲಿ ಇಳಿತ ಆಗಿ ನೀರು ಹಿಂದೆ ಹೋಗಿ ದೋಣಿಗಳು ಕೆಸರಿನಲ್ಲಿ ಕೂತಿದ್ದವು. ಸ್ಪರ್ಧೆ ರದ್ದು, ಭಾಷಣ ಮಾತ್ರ ಆಯಿತು. ಏಳು ಜನರಿಗೆ ಶಾಲು ಹೊದಿಸಿದರು, ಮಗಳು ಎಣಿಸಿದಳು. ಸಮುದ್ರ ಯಾವ ಸಚಿವರಿಗೂ ಕಾಯುವುದಿಲ್ಲ ಸ್ವಾಮಿ. ಕಾರ್ಯಕ್ರಮದ ಪಟ್ಟಿ ಮಾಡುವಾಗ ಮೊದಲು ಭರತ ಇಳಿತದ ಹೊತ್ತು ಬರೆಯಿರಿ, ಆಮೇಲೆ ಹೆಸರುಗಳನ್ನು ತುಂಬಿ.

ವೇದಿಕೆ ಬೇಡವೇ ಬೇಡ ಅನ್ನುವುದಿಲ್ಲ. ಮಯೂರವರ್ಮ ವೇದಿಕೆ ಇದೆಯಲ್ಲ, ರಾತ್ರಿ ಅಲ್ಲಿ ಯಕ್ಷಗಾನ ಆಗಲಿ, ಗುಮಟೆ ಬಾರಿಸುವವರನ್ನು ಕರೆಯಿರಿ. ಹಾಡು ಹೇಳಲು ಮುಂಬೈಯಿಂದ ಯಾರೂ ಬರಬೇಕಿಲ್ಲ. ಹಗಲು ಮಾತ್ರ ಬಂದರಿನ ಕಟ್ಟೆಯ ಮೇಲೆಯೇ ಆಗಬೇಕು. ಕತ್ತ ಹೊಸೆಯುವವರು ನಾಲ್ಕು ಜನ ಕೂರಲಿ. ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ಬಡಿದು, ನಾರು ಬಿಡಿಸಿ, ತೊಡೆಯ ಮೇಲೆ ಹೊಸೆದು ಹುರಿ ಮಾಡುವುದನ್ನು ಮಕ್ಕಳು ನೋಡಲಿ, ತಾವೂ ಮಾಡಿ ಅಂಗೈ ಉರಿಸಿಕೊಳ್ಳಲಿ. ಎರಡು ಹಲಗೆ ಇಟ್ಟು ಹೊಲಿಯಲು ಬಿಡಿ. ಮೀನುಗಾರ ಹೆಂಗಸರ ಸಂಘಗಳಿಗೆ ಊಟದ ಮಳಿಗೆ ಕೊಡಿ, ಬಾಡಿಗೆ ಕೇಳಬೇಡಿ. ಬಾಂಗ್ಡೆ, ತಿಸ್ರೆ, ಸುಂಗಟೆ ಇದ್ದರೆ ಗೋವಾದವರೂ ತಾವಾಗಿ ಬರುತ್ತಾರೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಬಿದ್ದ ಮೇಲೆ ಉಳಿದಿರುವುದು ಒಂದೇ ಸೇತುವೆ, ಹಾಗಾಗಿ ವಾಹನಗಳನ್ನು ಸದಾಶಿವಗಡದ ಕಡೆಯೇ ನಿಲ್ಲಿಸಿ ಬಸ್ಸಿನಲ್ಲಿ ಕರೆತಂದರೆ ಒಳ್ಳೆಯದು. ಪೊಲೀಸರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ದಿನಾಂಕದ ಬಗ್ಗೆ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮೇ ಕೊನೆ, ಸೆಕೆ, ಮಳೆ ಬಾಗಿಲಲ್ಲಿ. ನಿಜ. ಆದರೆ ಅದೇ ಹೊತ್ತಿಗೆ ನಮ್ಮ ಬಂದರು ತುಂಬಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, 61 ದಿನ. ಮೇ ಕೊನೆಗೆ ಒಂದೊಂದೇ ಬೋಟು ವಾಪಸ್ ಬಂದು ಬೈತಖೋಲದಲ್ಲಿ ಮೈಗೆ ಮೈ ತಾಗಿಸಿ ನಿಲ್ಲುತ್ತದೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗರು ಊರಿಗೆ ಹೋಗಲು ಚೀಲ ಕಟ್ಟುತ್ತಿರುತ್ತಾರೆ. ಶಾಲೆಗೂ ರಜೆ. ವರ್ಷದಲ್ಲಿ ಬಂದರಿನವರಿಗೆ ಸ್ವಲ್ಪ ಬಿಡುವು ಸಿಗುವ ವಾರ ಅಂದರೆ ಅದೇ. ಬೆಳಿಗ್ಗೆ ಬೇಗ ಶುರು ಮಾಡಿದರೆ ಸಮುದ್ರವೂ ಮಲಗಿರುತ್ತದೆ. ಕೌಂಡಿನ್ಯ ಪಟ ಬಿಚ್ಚಿ ದೇವಗಡದ ದೀಪಸ್ತಂಭದ ಕಡೆಯಿಂದ ಒಳಗೆ ಬರಲಿ, ಹಿಂದೆ ಮುಂದೆ ನಮ್ಮ ದೋಣಿಗಳು ಕೂರ್ಮಗಡ ಜಾತ್ರೆಗೆ ಹೋದ ಹಾಗೆ ಬಾವುಟ ಕಟ್ಟಿಕೊಂಡು ಸಾಲಾಗಿ ಬರಲಿ. ಇದಕ್ಕೆ ಇವೆಂಟ್ ಕಂಪನಿ ಬೇಕಾಗಿಲ್ಲ. ದೋಣಿ ಸಾಲು ಕಟ್ಟುವುದು ಇಲ್ಲಿ ಯಾರಿಗೂ ಕಲಿಸಬೇಕಿಲ್ಲ.

ಭದ್ರತೆ ಅನ್ನುತ್ತೀರಿ. ಅದಕ್ಕೇ ನೆಲೆಯ ಒಳಗೆ ಬಿಡಿ ಅಂತ ಕೇಳುತ್ತಿಲ್ಲ. ಹಡಗು ಹೊರಗೆ ಬಂದರೆ ನಾವು ಒಳಗೆ ಬರುವ ಪ್ರಶ್ನೆಯೇ ಇಲ್ಲ. ವಾಣಿಜ್ಯ ಬಂದರಿಗೆ ಇದಕ್ಕಿಂತ ಎಷ್ಟೋ ದೊಡ್ಡ ಹಡಗುಗಳು ಬಂದು ಹೋಗುತ್ತವೆ, ಆಳದ ಚಿಂತೆಯೂ ಇಲ್ಲ. ಇದರಲ್ಲಿ ಕ್ಷಿಪಣಿ ಇಲ್ಲ, ರಾಡಾರ್ ಗುಟ್ಟು ಇಲ್ಲ. ಮುಂದೆ ಒಂದು ಸಿಂಹ ಯಾಳಿ (ಪುರಾಣದ ಸಿಂಹದಂಥ ಪ್ರಾಣಿಯ ಕೆತ್ತನೆ), ಮೇಲೆ ಹರಪ್ಪ ಕಾಲದ ಮಾದರಿಯ ಒಂದು ಕಲ್ಲಿನ ಲಂಗರು. ಶತ್ರು ನೋಡಿ ಏನು ಮಾಡಿಯಾನು?

ಜನ ಹತ್ತಿದರೆ ಹಾಳಾಗುತ್ತದೆ ಅನ್ನುವ ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ. ಮರದ ಹಡಗು ಸುಲಭ ಅಲ್ಲ. ಫ್ರಾನ್ಸಿನವರು ಎರ್ಮಿಯೋನ್ ಅನ್ನುವ ಹಳೆಯ ಯುದ್ಧನೌಕೆಯ ಪ್ರತಿರೂಪ ಕಟ್ಟಿ 2015ರಲ್ಲಿ ಅಮೆರಿಕದವರೆಗೆ ಓಡಿಸಿ ಬಂದರು, ಕೊನೆಗೆ ಮರಕ್ಕೆ ಶಿಲೀಂಧ್ರ ಹತ್ತಿದ್ದು ಗೊತ್ತಾಗಿ 2021ರಲ್ಲಿ ದುರಸ್ತಿಗೆ ಮೇಲೆ ಎಳೆಯಬೇಕಾಯಿತು. ಹೊಲಿದ ಹಡಗಿಗಂತೂ ಕಾಲಕಾಲಕ್ಕೆ ಹಗ್ಗ ನೋಡಬೇಕು, ಸಡಿಲ ಆದಲ್ಲಿ ಬಿಚ್ಚಿ ಹೊಲಿಯಬೇಕು, ಎಣ್ಣೆ ಕುಡಿಸಬೇಕು. ಹಾಗಾಗಿ ಒಂದು ಸಲಕ್ಕೆ ಹದಿನೈದೇ ಜನ ಹತ್ತಲಿ, ಚಪ್ಪಲಿ ಕೆಳಗೆ ಬಿಡಲಿ. ನಾವು ಸಾಲಿನಲ್ಲಿ ನಿಲ್ಲುತ್ತೇವೆ. ಇನ್ನೂ ಒಳ್ಳೆಯ ದಾರಿ ಬೇಕಾದರೆ ನೆದರ್ಲೆಂಡ್ಸಿನ ಲೆಲಿಸ್ಟಾಡ್ ನೋಡಿ. ಅಲ್ಲಿ ಬತಾವಿಯಾ ಹಡಗಿನ ಪ್ರತಿರೂಪವನ್ನು 1985ರಿಂದ 1995ರವರೆಗೆ, ಪೂರಾ ಹತ್ತು ವರ್ಷ, ಜನರ ಕಣ್ಣೆದುರೇ ಕಟ್ಟಿದರು, ಊರಿನ ಹುಡುಗರಿಗೆ ಬಡಗಿ ಕೆಲಸ ಕಲಿಸುತ್ತ. ನಮ್ಮಲ್ಲಿ ಕಟ್ಟುವುದು ಮುಗಿದಿದೆ. ದುರಸ್ತಿ ಇನ್ನೂ ಇದೆಯಲ್ಲ. ಮಳೆಗಾಲದಲ್ಲಿ ಹೇಗೂ ಹಡಗಿನ ಮೈ ನೋಡಿಸುತ್ತೀರಿ. ಆಗ ಬಾಬು ಶಂಕರನ್ ಅವರ ತಂಡದ ಕೈಕೆಳಗೆ ನಮ್ಮೂರಿನ ಆರೇಳು ಹುಡುಗರನ್ನು ಬಿಡಿ. ನಿಷೇಧದ 61 ದಿನ ಅವರಿಗೂ ಬೇರೆ ಕೆಲಸ ಇರುವುದಿಲ್ಲ, ದಿನಗೂಲಿ ಕೊಟ್ಟರೆ ಬರುತ್ತಾರೆ. ಕಟ್ಟೆಯ ಮೇಲಿನ ಅಜ್ಜಂದಿರು ಕರೆಯದೇ ಇದ್ದರೂ ಬಂದು ಪಕ್ಕದಲ್ಲಿ ನಿಂತು ಬೈಯುತ್ತಾರೆ, ಅದಕ್ಕೆ ಕೂಲಿ ಬೇಡ.

ನೀವು ಒಪ್ಪಿದರೆ ಊರಿನ ಕಡೆಯಿಂದ ಏನು ಆಗಬೇಕೋ ಹೇಳಿ. ದೋಣಿಯವರ ಜೊತೆ ಮಾತಾಡುವ ಕೆಲಸ ನಮಗೆ ಬಿಡಿ. ಬಂದರಿನ ಕಟ್ಟೆ ಗುಡಿಸಲು, ಸಂಜೆ ಪ್ಲಾಸ್ಟಿಕ್ ಹೆಕ್ಕಲು ಜನ ಇದ್ದಾರೆ.

ನಿಮ್ಮ,
ಕಾರವಾರದ ಒಬ್ಬ ರಂಪಣಿ ಪಾಲುದಾರನ ಮೊಮ್ಮಗ

ಮರೆತಿದ್ದೆ: ಮೇ 21ಕ್ಕೆ ಮಳೆ ಮೊದಲೇ ಬಂದು ಸಮುದ್ರ ಎದ್ದರೆ ಅಥವಾ ಹಡಗು ಆಗ ಊರಲ್ಲಿ ಇಲ್ಲದಿದ್ದರೆ, ಹಟ ಬೇಡ. ಆಗಸ್ಟ್ 28ಕ್ಕೆ ನಾರಳಿ ಹುಣ್ಣಿಮೆ ಇದೆ. ಅವತ್ತು ಹೇಗೂ ನಾವೆಲ್ಲ ಸಮುದ್ರಕ್ಕೆ ತೆಂಗಿನಕಾಯಿ ಬಿಡಲು ದಡಕ್ಕೆ ಬಂದೇ ಬರುತ್ತೇವೆ. ಇಡೀ ಮೈ ತೆಂಗಿನ ನಾರಿನಲ್ಲಿ ಹೊಲಿಸಿಕೊಂಡ ಹಡಗಿಗೂ ಒಂದು ಕಾಯಿ ಒಡೆದರೆ ಆಯಿತು.